ಹಳೆಯ ಆಟದ ಯಂತ್ರ ಅಗ್ಗವಾಗುತ್ತಿಲ್ಲವೇಕೆ?

ಪರೀಕ್ಷೆ, ಮೌಲ್ಯಮಾಪನಗಳ ಗಡಿಬಿಡಿ ಮುಗಿದ ಮೇಲೆ ವಿಡಿಯೊ ಗೇಮ್ ಉದ್ಯಮದ ಈಚಿನ ವರ್ಷಗಳ ಸುದ್ದಿಗಳತ್ತ ಕಣ್ಣು ಹಾಯಿಸಿದರೆ ದೊಡ್ಡ ದೊಡ್ಡ ಶೀರ್ಷಿಕೆಗಳು ಎದುರಾಗುತ್ತವೆ. 2023ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯು ಆ್ಯಕ್ಟಿವಿಷನ್ ಬ್ಲಿಝಾರ್ಡ್ ಸಂಸ್ಥೆಯನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡಿತು. 2025ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್ 2 ಮಾರುಕಟ್ಟೆಗೆ ಬಂತು. ಇವು ವ್ಯಾಪಾರದ ಸುದ್ದಿಗಳು. ಭೌತವಿಜ್ಞಾನದ ಅಧ್ಯಾಪಕರೂ ವಿದ್ಯಾರ್ಥಿಗಳೂ ತುಸು ನಿಂತು ಯೋಚಿಸಬೇಕಾದ ಸುದ್ದಿ ಇವುಗಳ ನಡುವೆ ಅಡಗಿದೆ.

ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 299 ಡಾಲರ್. 2009ರ ಹೊತ್ತಿಗೆ ಅದು 99 ಡಾಲರಿಗೆ ಇಳಿದಿತ್ತು. ಪ್ಲೇಸ್ಟೇಷನ್ 5ರ ಕಥೆ ಬೇರೆ. 2020ರಲ್ಲಿ 499 ಡಾಲರ್ ಇದ್ದ ಈ ಯಂತ್ರದ ಬೆಲೆ 2025ರ ಆಗಸ್ಟ್‌ನಲ್ಲಿ 550 ಡಾಲರಿಗೆ ಏರಿತು. ಅದೇ ವರ್ಷ ಮೈಕ್ರೊಸಾಫ್ಟ್ ಕೂಡ ತನ್ನ ಎಕ್ಸ್‌ಬಾಕ್ಸ್ ಬೆಲೆಯನ್ನು ಹೆಚ್ಚಿಸಿತು. ಹಣದುಬ್ಬರ, ಆಮದು ಸುಂಕಗಳ ಪಾತ್ರ ಇದರಲ್ಲಿದೆ, ನಿಜ. ಆದರೆ ಹಿಂದೆ ಹಣದುಬ್ಬರವನ್ನೂ ಮೀರಿ ಬೆಲೆ ಇಳಿಸುತ್ತಿದ್ದ ಶಕ್ತಿ ಯಾವುದು? ಅದು ಈಗ ಕುಗ್ಗಿರುವುದೇಕೆ?

ಕಿರಿದಾದಷ್ಟೂ ಅಗ್ಗ

ಚಿಪ್‌ಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ತಯಾರಿಸುತ್ತಾರೆ. ಬಿಲ್ಲೆಯೊಂದರ ಖರ್ಚು ಸ್ಥಿರವೆಂದು ಭಾವಿಸೋಣ. ಟ್ರಾನ್ಸಿಸ್ಟರಿನ ಉದ್ದ ಮತ್ತು ಅಗಲಗಳನ್ನು ಅರ್ಧಕ್ಕೆ ಇಳಿಸಿದರೆ ವಿಸ್ತೀರ್ಣ ಕಾಲುಭಾಗವಾಗುತ್ತದೆ. ಅದೇ ಬಿಲ್ಲೆಯಿಂದ ಸುಮಾರು ನಾಲ್ಕು ಪಟ್ಟು ಚಿಪ್‌ಗಳು ದೊರೆಯುತ್ತವೆ. ಪ್ಲೇಸ್ಟೇಷನ್ 2ರಲ್ಲಿ ಮೊದಲು ಬೇರೆ ಬೇರೆಯಾಗಿದ್ದ ಎರಡು ಮುಖ್ಯ ಚಿಪ್‌ಗಳು ಮುಂದೆ ಒಂದರಲ್ಲೇ ಅಡಕವಾದದ್ದು ಹೀಗೆ.

ಇನ್ನೊಂದು ಅನುಕೂಲವೂ ಇತ್ತು. ಟ್ರಾನ್ಸಿಸ್ಟರಿನ ಅಳತೆಗಳ ಜೊತೆಗೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ, ಚಿಪ್ಪಿನ ವೇಗ ಹೆಚ್ಚಿದರೂ ಪ್ರತಿ ಚದರ ಮಿಲಿಮೀಟರಿನಲ್ಲಿ ಹುಟ್ಟುವ ಶಾಖ ಹೆಚ್ಚುವುದಿಲ್ಲ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಇದನ್ನು ತೋರಿಸಿಕೊಟ್ಟರು.

ಇಳಿಯಲೊಲ್ಲದ ವೋಲ್ಟೇಜು

ಸುಮಾರು 2005ರ ವೇಳೆಗೆ ಈ ನಿಯಮ ಮುಗ್ಗರಿಸಿತು. ಟ್ರಾನ್ಸಿಸ್ಟರು ಒಂದು ನಲ್ಲಿಯಿದ್ದಂತೆ, ಮುಚ್ಚಿದಾಗ ಸೋರಬಾರದು. ಆದರೆ ಉಷ್ಣಚಲನೆಯಿಂದಾಗಿ ಕೆಲವು ಎಲೆಕ್ಟ್ರಾನುಗಳು ತಡೆಯನ್ನು ದಾಟಿಯೇ ಬಿಡುತ್ತವೆ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ, ಎಲೆಕ್ಟ್ರಾನಿನ ವಿದ್ಯುದಾವೇಶದಿಂದ ಭಾಗಿಸಿ. ಕೋಣೆಯ ಉಷ್ಣತೆಯಲ್ಲಿ ಸುಮಾರು 0.026 ವೋಲ್ಟ್ ಬರುತ್ತದೆ. ಅದನ್ನು 10ರ ಸ್ವಾಭಾವಿಕ ಲಾಗರಿತಮ್ ಆದ 2.303ರಿಂದ ಗುಣಿಸಿದರೆ 0.06 ವೋಲ್ಟ್. ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ ಸೋರುವ ಪ್ರವಾಹವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲು ಕನಿಷ್ಠ ಇಷ್ಟು ವೋಲ್ಟೇಜು ಬೇಕು. ಲಕ್ಷದ ಒಂದು ಭಾಗಕ್ಕೆ ಇಳಿಸಲು ಇಂಥ ಐದು ಹೆಜ್ಜೆಗಳು, ಅಂದರೆ 0.3 ವೋಲ್ಟ್ ಬೇಕು.

ಈ ಲೆಕ್ಕದಲ್ಲಿ ಟ್ರಾನ್ಸಿಸ್ಟರಿನ ಅಳತೆ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಿ. ಬಂದಿರುವುದು ಉಷ್ಣತೆ ಮಾತ್ರ. ಆದ್ದರಿಂದ ಟ್ರಾನ್ಸಿಸ್ಟರನ್ನು ಎಷ್ಟೇ ಕಿರಿದಾಗಿಸಿದರೂ ಈ ಮಿತಿ ಸಡಿಲವಾಗದು. ಒಂದು ಕಾಲಕ್ಕೆ 5 ವೋಲ್ಟ್ ಇದ್ದ ಚಿಪ್‌ಗಳ ವೋಲ್ಟೇಜು 1 ವೋಲ್ಟಿನ ಆಸುಪಾಸಿಗೆ ಬಂದು ನಿಂತದ್ದು ಇದರಿಂದಲೇ.

ದುಬಾರಿಯಾದ ಬೆಳಕು

ಆಮೇಲೂ ಟ್ರಾನ್ಸಿಸ್ಟರುಗಳು ಕಿರಿದಾಗುತ್ತಲೇ ಬಂದಿವೆ. ಆದರೆ ಬಿಲ್ಲೆಯ ಖರ್ಚು ಸ್ಥಿರವಾಗಿ ಉಳಿಯಲಿಲ್ಲ. ಚಿಪ್ಪಿನ ವಿನ್ಯಾಸವನ್ನು ಬಿಲ್ಲೆಯ ಮೇಲೆ ಮೂಡಿಸಲು ಹಿಂದೆ 193 ನ್ಯಾನೊಮೀಟರ್ ತರಂಗದೂರದ ಅತಿನೇರಳೆ ಬೆಳಕು ಸಾಕಾಗುತ್ತಿತ್ತು. ಅತಿ ಸೂಕ್ಷ್ಮ ವಿನ್ಯಾಸಗಳಿಗೆ ಈಗ 13.5 ನ್ಯಾನೊಮೀಟರಿನ ಬೆಳಕು ಬೇಕು. ಇದನ್ನು ಗಾಳಿಯೂ ಗಾಜೂ ಹೀರಿಕೊಳ್ಳುತ್ತವೆ. ಹೀಗಾಗಿ ಯಂತ್ರದ ಒಳಗೆ ನಿರ್ವಾತವಿರಬೇಕು, ಮಸೂರಗಳ ಬದಲು ಕನ್ನಡಿಗಳಿರಬೇಕು. ನೆದರ್‌ಲೆಂಡ್ಸಿನ ಎಎಸ್‌ಎಂಎಲ್ ಸಂಸ್ಥೆಯ ಯಂತ್ರಗಳಲ್ಲಿ ಸೆಕೆಂಡಿಗೆ ಸುಮಾರು 50,000 ತವರದ ಹನಿಗಳಿಗೆ ಲೇಸರ್ ಗುರಿಯಿಟ್ಟು ಈ ಬೆಳಕನ್ನು ಪಡೆಯುತ್ತಾರೆ. ವಿಸ್ತೀರ್ಣದಲ್ಲಿ ಉಳಿಸಿದ ಹಣದ ಬಹುಪಾಲು ಬಿಲ್ಲೆಯ ಬೆಲೆಯಲ್ಲಿ ಕರಗಿಹೋಗುತ್ತದೆ. ಇದು ಸಾಲದೆಂಬಂತೆ, 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಗಣಕ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆಯೂ ಏರಿತು.

ಲೆಕ್ಕದ ಬದಲು ಅಂದಾಜು

ಹಾಗಾದರೆ ಆಟದ ಚಿತ್ರಗಳು ಉತ್ತಮಗೊಳ್ಳುತ್ತಿರುವುದು ಹೇಗೆ? 3840 × 2160 ಪಿಕ್ಸೆಲ್‌ಗಳ ತೆರೆಯಲ್ಲಿ ಸುಮಾರು 83 ಲಕ್ಷ ಚಿತ್ರಬಿಂದುಗಳಿವೆ. ಸೆಕೆಂಡಿಗೆ 60 ಚಿತ್ರಗಳಾದರೆ ಸುಮಾರು 50 ಕೋಟಿ ಬಿಂದುಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಅದರ ಬದಲು 1920 × 1080 ಬಿಂದುಗಳನ್ನು, ಅಂದರೆ ಕಾಲುಭಾಗವನ್ನು ಮಾತ್ರ ಲೆಕ್ಕ ಹಾಕಿ, ಮಿಕ್ಕದ್ದನ್ನು ತರಬೇತಿ ಪಡೆದ ನರಜಾಲದಿಂದ ಅಂದಾಜು ಮಾಡಿಸಬಹುದು. ಎನ್‌ವಿಡಿಯಾ ಸಂಸ್ಥೆ 2018ರಲ್ಲಿ ಇಂಥ ವಿಧಾನವನ್ನು ಪ್ರಕಟಿಸಿತು. 2024ರಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಯಂತ್ರದಲ್ಲೂ ಇಂಥದೇ ಏರ್ಪಾಡಿದೆ.

‘ಮುಂದಿನ ವರ್ಷ ಕಂಪ್ಯೂಟರ್ ಅಗ್ಗವಾಗುತ್ತದೆ, ಆಗ ಕೊಳ್ಳೋಣ’ ಎಂದು ಕಾಯುವ ಶಾಲೆಗಳಿಗೂ ಇದರಲ್ಲಿ ಪಾಠವಿದೆ: ಬೆಲೆ ತಾನಾಗಿ ಇಳಿಯುತ್ತದೆಂಬ ಭರವಸೆ ಈಗಿಲ್ಲ. ಇರುವ ಯಂತ್ರವನ್ನು ಜೋಪಾನವಾಗಿ, ಹೆಚ್ಚು ಕಾಲ ಬಳಸುವುದೇ ಜಾಣತನ. ತರಗತಿಯಲ್ಲಿ ಅಧ್ಯಾಪಕರು 0.06 ವೋಲ್ಟಿನ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ದ್ರವ ಸಾರಜನಕದ 77 ಕೆಲ್ವಿನ್ ಉಷ್ಣತೆಯಲ್ಲಿ ಉತ್ತರವೆಷ್ಟೆಂದು ಕೇಳಿದರೆ, ಮಿತಿಯ ಮೂಲ ಎಲ್ಲಿದೆಯೆಂದು ಅವರಿಗೇ ಹೊಳೆಯುತ್ತದೆ.