ನಿಮಗಿದು ಗೊತ್ತೇ? ಸ್ವರ ತೂಗುವ ವೇಗ

ಗಾಯಕ ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ರೋಣದಲ್ಲಿ. ಅವರು ಹಾಡಿದ ದರಬಾರಿ ರಾಗ ಕೇಳಿದ್ದೀರಾ? ಕೋಮಲ ಗಾಂಧಾರ ಅಲ್ಲಿ ಆನೆ ನಡೆದಂತೆ ತೂಗುತ್ತದೆ. ಅದನ್ನೇ ಗಡಿಬಿಡಿಯಲ್ಲಿ ನಡುಗಿಸಿದರೆ ದರಬಾರಿಯ ಗಾಂಭೀರ್ಯ ಹೋಯಿತು.

ಸ್ವರ ತೂಗುವ ಈ ವೇಗಕ್ಕೆ 13ನೇ ಶತಮಾನದಲ್ಲೇ ಪಟ್ಟಿ ಸಿದ್ಧವಾಗಿತ್ತು! ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಸ್ವರ ತೂಗುವ 15 ಬಗೆಗಳನ್ನು, ಅಂದರೆ ಗಮಕಗಳನ್ನು ಹೇಳಿ, ಕೆಲವಕ್ಕೆ ಕಾಲವನ್ನೂ ಗೊತ್ತುಮಾಡಿದ. ತಿರಿಪಕ್ಕೆ ದ್ರುತವೆಂಬ ಕಾಲಮಾನದ ಕಾಲು ಭಾಗ, ಸ್ಫುರಿತಕ್ಕೆ ಮೂರರಲ್ಲೊಂದು, ಕಂಪಿತಕ್ಕೆ ಅರ್ಧ, ಲೀನಕ್ಕೆ ಪೂರ್ತಿ ದ್ರುತ. ಆಂದೋಲಿತಕ್ಕೆ ಅದಕ್ಕಿಂತ ದೀರ್ಘವಾದ ಲಘು. ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು.

ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದಲ್ಲೂ ಈ ವೇಗ ಮುಖ್ಯವೇ. ಅಲ್ಲಿ ಸ್ವರ ತೂಗುವುದು ನಿಧಾನವಾಗಿ ಕಂಪಿಸುವ ಭಾಗವಾದ ಎಲ್‌ಎಫ್‌ಒ. ಅದರ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 20ಕ್ಕಿಂತ ಕಡಿಮೆ. ತಾನು ಕೇಳಿಸದು, ಸ್ವರವನ್ನು ಮಾತ್ರ ಕುಣಿಸುತ್ತದೆ.

1983ರ ಯಮಹಾ ಡಿಎಕ್ಸ್7 ಸಿಂಥಸೈಜರಿನಲ್ಲಿ ಈ ವೇಗಕ್ಕೆ 0ಯಿಂದ 99ರವರೆಗೆ ಅಂಕಿಗಳಿವೆ. ಅಂಕಿಯನ್ನು ನಿಜವಾದ ವೇಗವಾಗಿಸುವ ಲೆಕ್ಕ ಒಳಗಿನ ಚಿಪ್‌ನಲ್ಲಿ ಬರೆದಿದೆ, ಆ ಬರಹವೇ ಫರ್ಮ್‌ವೇರ್. ಹಳೆಯ ಯಂತ್ರಗಳ ಹುಚ್ಚಿರುವವರು ಆ ಬರಹವನ್ನು ನಕಲಿಸಿಕೊಂಡು, ವೇಗದ ಲೆಕ್ಕ ಎಲ್ಲಿದೆಯೆಂದು ಹುಡುಕಿ, ತಿದ್ದಿ, ಬೇರೊಂದು ಚಿಪ್‌ಗೆ ಬರೆಯುತ್ತಾರೆ. ಜಾಣರು ಮೂಲ ಚಿಪ್ ಮುಟ್ಟುವುದಿಲ್ಲ, ಡಬ್ಬಿಯಲ್ಲಿ ಜೋಪಾನವಾಗಿಡುತ್ತಾರೆ.

1984ರ ರೋಲ್ಯಾಂಡ್ ಜೂನೊ-106 ಸಿಂಥಸೈಜರಿಗೆ ಪ್ರೊಸೆಸರನ್ನೇ ಬದಲಿಸುವ ಕಿಟ್ ಉಂಟು. ಹಾಕಿದರೆ ಎಲ್‌ಎಫ್‌ಒ ಒಂದಿದ್ದದ್ದು ಎರಡಾಗುತ್ತದೆ. ಕಿಟ್ ಹೆಸರು ಕಿವಿ-106. ಇಂಗ್ಲಿಷಿನಲ್ಲಿ ಅದು ಹಕ್ಕಿ, ನಮಗೆ ಕಿವಿಯೇ!

ಬೇಕಾದಷ್ಟು ವೇಗ ಏರಿಸಬಹುದೇ? ಇಲ್ಲ. ಪ್ರೊಸೆಸರ್ ತೂಗಾಟವನ್ನು ಸೆಕೆಂಡಿಗೆ 200 ಸಲ ಲೆಕ್ಕ ಹಾಕುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ 5 ತೂಗಾಟವಾದರೆ ತಲಾ 40 ಮೆಟ್ಟಿಲು, ನುಣುಪಾಗಿರುತ್ತದೆ. 50 ಆದರೆ ತಲಾ 4 ಮೆಟ್ಟಿಲು. ಸ್ವರ ತೂಗುವುದಿಲ್ಲ, ಕೊರಕಲು ದಾರಿಯ ಚಕ್ಕಡಿಯಂತೆ ಕುಲುಕುತ್ತದೆ.

ಆ ಕಾಲದ ಅನೇಕ ಯಂತ್ರಗಳಲ್ಲಿ ಫರ್ಮ್‌ವೇರ್ ಇರುತ್ತಿದ್ದ ಚಿಪ್ ಇಪ್ರಾಮ್, 1971ರಲ್ಲಿ ಇಂಟೆಲ್‌ನ ಡೊವ್ ಫ್ರೋಮನ್ ಕಂಡುಹಿಡಿದದ್ದು. ಅದರ ನೆತ್ತಿಯ ಮೇಲೊಂದು ಪಾರದರ್ಶಕ ಕಿಟಕಿ. ನೇರಳಾತೀತ ದೀಪದಡಿ 15-20 ನಿಮಿಷ ಇಟ್ಟರೆ ಬರೆದದ್ದೆಲ್ಲ ಅಳಿಸುತ್ತದೆ, ಹೊಸದಾಗಿ ಬರೆಯಬಹುದು. ಅದಕ್ಕೇ ಕಿಟಕಿಗೆ ಸ್ಟಿಕರ್ ಅಂಟಿಸುವುದು. ನೇರ ಬಿಸಿಲಿಗೆ ತೆರೆದಿಟ್ಟರೂ ಸುಮಾರು ಒಂದು ವಾರದಲ್ಲಿ ಅಳಿಯಬಹುದೆಂದು ತಯಾರಕರೇ ಬರೆದಿದ್ದಾರೆ. ರೋಣದ ಏಪ್ರಿಲ್ ಬಿಸಿಲನ್ನು ಅವರು ಕಂಡಂತಿಲ್ಲ.