ಮುಂದಿಂದ ಒಂದಿಂಚು: ಕಮಾನ್ ಪಾಟಾದ ಕಸುಬು

‘ಮೇಸ್ತ್ರಿ, ಗಾಡಿ ಮುಂದ ಕುಂತೈತ್ರಿ, ಒಂದಿಂಚ ಏಳಸ್ರಿ.’

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹಳೆಯ ಜೀಪು ಸಾಕಿಕೊಂಡವರು ಕಮಾನ್ ಪಾಟಾ (ಲೀಫ್ ಸ್ಪ್ರಿಂಗ್) ಅಂಗಡಿಗೆ ಬಂದು ಹೇಳುವುದು ಬಹುಮಟ್ಟಿಗೆ ಇಷ್ಟೇ. ಗೋಕಾಕ ಎಂದರೆ ಕರದಂಟು, ಬಣ್ಣದ ಮರದ ಗೊಂಬೆ, ಜಲಪಾತ ಎಂದು ನಾಡಿಗೆಲ್ಲ ಗೊತ್ತು. ಕಬ್ಬಿಣ ಕಾಯಿಸಿ ಬಡಿದು ಗಾಡಿಯನ್ನು ಮತ್ತೆ ನಿಲ್ಲಿಸುವ ಈ ಕಸುಬಿನ ಬಗ್ಗೆ ಮಾತ್ರ ಬರೆದವರು ಕಡಿಮೆ.

ಈ ನೆಲದಲ್ಲಿ ಆ ಕಸುಬಿಗೆ ಕೆಲಸ ತಪ್ಪುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟೆಯಿಂದ ಹೊರಟ ಘಟಪ್ರಭೆಯ ನೀರು ಕಾಲುವೆಗಳಲ್ಲಿ ಹರಿದು ಗೋಕಾಕ, ಮೂಡಲಗಿಯ ಎರೆ ಹೊಲಗಳನ್ನು ಕಬ್ಬಿನ ಗದ್ದೆ ಮಾಡಿದೆ. ಹಂಗಾಮಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಂಕೇಶ್ವರದ ಹಿರಣ್ಯಕೇಶಿಗೋ ಗೋಕಾಕ ಬಳಿಯ ಘಟಪ್ರಭಾ ಸಕ್ಕರೆ ಕಾರ್ಖಾನೆಗೋ ಸಾಗುವಾಗ ಹೊಲದ ದಾರಿಯಲ್ಲಿ ಎರಡು ಆಳವಾದ ಗಾಲಿಗೆರೆ ಬೀಳುತ್ತವೆ, ನಡುವೆ ದಿಬ್ಬ ಉಳಿಯುತ್ತದೆ. ಆ ದಿಬ್ಬಕ್ಕೆ ಜೀಪಿನ ಹೊಟ್ಟೆ ತಾಗುತ್ತದೆ. ಮಳೆ ಬಿದ್ದ ಎರೆಮಣ್ಣಿನಲ್ಲಂತೂ ನಾಲ್ಕೂ ಗಾಲಿ ತಿರುಗಿದರೂ ಹೊಟ್ಟೆ ಕೆಸರಿಗೆ ಕುಂತಿದ್ದರೆ ಗಾಡಿ ಮುಂದೆ ಹೋಗದು. ಇನ್ನು ಪಶ್ಚಿಮಕ್ಕೆ, ಸಂಕೇಶ್ವರ, ಯಮಕನಮರಡಿಗಳ ಮೇಲೆ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹೆದ್ದಾರಿ ಇದ್ದಲ್ಲಿ ಲಾರಿ, ಲಾರಿ ಇದ್ದಲ್ಲಿ ಪಾಟಾ ಕೆಲಸ.

ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಸಿಜೆ-3ಬಿ, ಆಮೇಲೆ ಸಿಜೆ-340, ಎಂಎಂ-540, ಉದ್ದನೆಯ ಕಮಾಂಡರ್: ಇವಕ್ಕೆಲ್ಲ ಮುಂದೆಯೂ ಹಿಂದೆಯೂ ಒಂದೇ ತುಂಡಿನ ಆಕ್ಸಲ್, ಅದಕ್ಕೆ ಪಾಟಾ. ಮೂಲದ ಪೆಟ್ರೋಲ್ ಎಂಜಿನ್ ಜಾಗಕ್ಕೆ ಭಾರದ ಡೀಸೆಲ್ ಎಂಜಿನ್ ಬಂತು. ಕೊಂಡವರು ಅದರ ಜೊತೆಗೆ ದಪ್ಪ ಕಬ್ಬಿಣದ ಬಂಪರ್ ಕೂಡಿಸಿದರು. ಮೂವತ್ತು ವರ್ಷ ಆ ಭಾರ ಹೊತ್ತ ಮುಂದಿನ ಪಾಟಾಗಳು ಬಾಗು ಕಳೆದುಕೊಂಡು ಹಲಗೆಯಂತೆ ಚಪ್ಪಟೆಯಾದರೆ ಅಚ್ಚರಿಯಿಲ್ಲ. ಅದರಲ್ಲೂ ಡ್ರೈವರ್ ಕೂರುವ ಬದಿ ಒಂದು ಕೈ ಹೆಚ್ಚೇ ಕುಸಿದಿರುತ್ತದೆ.

ಹಾಗಾಗಿ ಇಲ್ಲಿ ಗಾಡಿ ಏಳಿಸುವುದೆಂದರೆ ಹೆಚ್ಚಿನ ಪಾಲು ಕಳೆದುಹೋದ ಎತ್ತರವನ್ನು ವಾಪಸು ತರುವುದು. ಬಲ್ಲ ಮೇಸ್ತ್ರಿ ಮೊದಲು ಸಪಾಟು ನೆಲದಲ್ಲಿ ಗಾಡಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿಯುತ್ತಾನೆ. ಟೇಪು ಹಿಡಿಯದೆ ಸುತ್ತಿಗೆ ಎತ್ತುವವನ ಕೈಗೆ ಗಾಡಿ ಕೊಡಬೇಡಿ. ಆಮೇಲೆ ಪಾಟಾ ಸೆಟ್ ಇಳಿಸಿ, ನಡುವಿನ ಬೋಲ್ಟು ಬಿಚ್ಚಿ, ಅದರ ಎಲೆಗಳನ್ನು, ಅಂದರೆ ಉಕ್ಕಿನ ಪಟ್ಟಿಗಳನ್ನು, ಒಂದೊಂದಾಗಿ ಬೇರ್ಪಡಿಸುತ್ತಾರೆ. ಎರಡು ತುದಿಯಲ್ಲಿ ಬುಷ್ ಕೂರುವ ಕಣ್ಣುಗಳಿರುವುದು ಉದ್ದನೆಯ ಮೇನ್ ಪಾಟಾಕ್ಕೆ. ಬಿರುಕು ಮೊದಲು ಕಾಣಿಸಿಕೊಳ್ಳುವುದು ಕಣ್ಣಿನ ಬುಡದಲ್ಲಿ ಅಥವಾ ನಡು ಬೋಲ್ಟಿನ ತೂತಿನ ಬಳಿ. ಬಿರುಕು ಬಿಟ್ಟ ಎಲೆ ಗುಜರಿಗೆ ಹೋಗಬೇಕು. ಅದಕ್ಕೆ ವೆಲ್ಡಿಂಗ್ ಮಾಡಿಸುವುದು ಅಪಾಯಕ್ಕೆ ಕೈಯಾರೆ ದಾರಿ ಮಾಡಿಕೊಟ್ಟಂತೆ.

ಬಾಗು ತರುವ ಬಗೆ ಎರಡು. ತಣ್ಣಗಿರುವಾಗಲೇ ಎಲೆಯ ಉದ್ದಕ್ಕೂ ಹತ್ತಿರ ಹತ್ತಿರ ಒಂದೇ ಸಮನೆ ಬಡಿಯುತ್ತ ಹೋಗುವುದು ಒಂದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗೆರೆಗೆ ಎಲೆ ಹಿಡಿದು ನೋಡುತ್ತ ಬಡಿದರೆ, ಒಂದಿಂಚಿನಷ್ಟು ಬಾಗಿಗೆ ಈ ಕ್ರಮ ಸಾಕು. ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು ಇನ್ನೊಂದು. ಇಲ್ಲೇ ಕಸುಬಿನ ಪರೀಕ್ಷೆ. ಪಾಟಾ ಮಾಡುವುದು ಸಿಲಿಕಾನ್ ಬೆರೆತ ಸ್ಪ್ರಿಂಗ್ ಉಕ್ಕಿನಿಂದ. ಕಾಯಿಸಿದ ಮೇಲೆ ಅದನ್ನು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾದ ಶಾಖ ಕೊಟ್ಟು ಗಡಸುತನ ತಗ್ಗಿಸಬೇಕು. ಸುಮ್ಮನೆ ಗಾಳಿಗೆ ಆರಲು ಬಿಟ್ಟರೆ ಪಾಟಾ ಮೆತ್ತಗಾಗಿ ಕೆಲವೇ ತಿಂಗಳಲ್ಲಿ ಮತ್ತೆ ಕುಂತುಬಿಡುತ್ತದೆ. ಎಣ್ಣೆಗೆ ಅದ್ದಿ ಅಷ್ಟಕ್ಕೇ ಬಿಟ್ಟರೆ ಗುಂಡಿಗೆ ಬಿದ್ದಾಗ ಪಟ್ಟನೆ ಮುರಿಯುತ್ತದೆ. ಬರೀ ಗ್ಯಾಸ್ ಹಿಡಿದು ಅಲ್ಲಲ್ಲಿ ಕಾಯಿಸಿ ಬಗ್ಗಿಸುವುದು ಕೆಲಸವೇ ಅಲ್ಲ.

ಇದೆಲ್ಲ ಬೇಡವೆಂದು ಉದ್ದದ ಶ್ಯಾಕಲ್, ಅಂದರೆ ಪಾಟಾದ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ, ಹಾಕಿಸುವವರಿದ್ದಾರೆ. ಅಗ್ಗ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೆ ಶ್ಯಾಕಲ್ ಎರಡಿಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಪಾಟಾದ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ, ಆಕ್ಸಲ್ ಇರುವುದು ನಡುವೆ. ಹಳೆಯ ಜೀಪಿನ ಮುಂದಿನ ಶ್ಯಾಕಲ್ ಇರುವುದು ಮೂತಿಯ ಕಡೆ. ಅದು ಉದ್ದವಾದಾಗ ಆಕ್ಸಲ್ ಮುಂದಕ್ಕೆ ಹೊರಳುತ್ತದೆ. ಗಾಲಿ ತಾನಾಗಿ ನೇರಕ್ಕೆ ಬರಲು ಬೇಕಾದ ಹಿಂಬಾಗು, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ತಿರುವಿನಿಂದ ಹೊರಬಂದ ಮೇಲೂ ಸ್ಟೇರಿಂಗ್ ತಿರುಗಿದಲ್ಲೇ ನಿಲ್ಲುತ್ತದೆ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಇದನ್ನು ಸರಿಪಡಿಸಲು ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ಓರೆ ಪಟ್ಟಿ ಇಡುತ್ತಾರೆ. ಆಕ್ಸಲ್ಲಿನ ಕೆಳಗಿರುವ ಪಾಟಾವನ್ನೇ ಮೇಲಕ್ಕೆ ಕೂಡಿಸಿ ನಾಲ್ಕೈದು ಇಂಚು ಏರಿಸುವವರೂ ಇದ್ದಾರೆ. ಫೋಟೊಕ್ಕೆ ಚೆನ್ನ, ಕಾಲುವೆ ಏರಿಯ ಓರೆ ದಾರಿಗೆ ಅಂಥ ಗಾಡಿ ಒಯ್ಯುವುದು ನನಗಂತೂ ಸರಿ ಕಾಣುವುದಿಲ್ಲ.

2010ರ ಥಾರ್‌ನ ಸಿಆರ್‌ಡಿಇ ಮಾದರಿ, ಫೋರ್ ವ್ಹೀಲಿನ ಹಳೆಯ ಸ್ಕಾರ್ಪಿಯೊಗಳ ಮುಂಭಾಗದಲ್ಲಿ ಪಾಟಾ ಇಲ್ಲ, ತಿರುಚುವ ಉಕ್ಕಿನ ಸರಳು ಇದೆ: ಟಾರ್ಷನ್ ಬಾರ್. ಒಂದು ಬೋಲ್ಟು ತಿರುವಿದರೆ ಮುಂಭಾಗ ಏಳುತ್ತದೆ, ಸ್ಪ್ಯಾನರ್ ಇದ್ದವರೆಲ್ಲ ಮೇಸ್ತ್ರಿಗಳೇ. ಆದರೆ ಹಾಗೆ ಏಳಿಸಿದಷ್ಟೂ ಗಾಲಿ ಗುಂಡಿಗೆ ಇಳಿಯುವ ಅವಕಾಶ ಕಡಿಮೆಯಾಗುತ್ತದೆ, ಗಾಲಿಗೆ ಓಟ ಕೊಡುವ ಶಾಫ್ಟಿನ ಕೀಲುಗಳು ಓರೆಯಲ್ಲಿ ತಿರುಗಿ ಸವೆಯುತ್ತವೆ. ಇಲ್ಲೂ ಒಂದಿಂಚಿಗೆ ನಿಲ್ಲಿಸಿ, ಕೂಡಲೇ ಅಲೈನ್‌ಮೆಂಟ್ ಮಾಡಿಸಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸಲು ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಕುಸಿದದ್ದನ್ನು ಮೊದಲಿನ ಎತ್ತರಕ್ಕೆ ತಂದಿದ್ದರೆ ಅಲ್ಲಿ ಅಂಜುವ ಕಾರಣವಿಲ್ಲ.

ಮಾಡಿಸುವವರು ಪಾಟಾವನ್ನು ಆಕ್ಸಲ್ಲಿಗೆ ಬಿಗಿಯುವ ಹಳೆಯ ಯು-ಬೋಲ್ಟನ್ನೇ ಮತ್ತೆ ಹಾಕಲು ಬಿಡಬೇಡಿ. ಪಾಟಾದ ಬುಷ್ ಬೋಲ್ಟುಗಳನ್ನು ಗಾಡಿ ಜಾಕಿನಿಂದ ಇಳಿದು ಗಾಲಿಯ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಸಲಿ. ಮುಂದಿನ ಬ್ರೇಕ್ ಪೈಪು ಗಾಲಿ ಪೂರ್ತಿ ಇಳಿದಾಗಲೂ ಎಳೆಯದಷ್ಟು ಸಡಿಲ ಇದೆಯೇ ಎಂದು ನೀವೇ ಬಗ್ಗಿ ನೋಡಿ. ಹೆಡ್‌ಲೈಟನ್ನು ಕೆಳಕ್ಕೆ ಹೊಂದಿಸಿಕೊಳ್ಳಿ, ಎದುರಿಗೆ ಬರುವವನ ಕಣ್ಣಿಗೆ ಹೊಡೆಯದಿರಲಿ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟು ಬಿಗಿ ಮಾಡಿಸಲು ಅದೇ ಅಂಗಡಿಗೆ ಮತ್ತೊಮ್ಮೆ ಹೋಗಿ ಬನ್ನಿ.