ತಾತೆವ್‌ನ ತೂಗುವ ಕಂಬ

ದಕ್ಷಿಣ ಆರ್ಮೇನಿಯಾದ ತಾತೆವ್ ಮಠಕ್ಕೆ ಬಂದವರೆಲ್ಲ ಮೊದಲು ಇಣುಕುವುದು ವೊರೊತಾನ್ ನದಿಯ ಕಮರಿಯೊಳಕ್ಕೆ. ನಾನು ಬಂದದ್ದು ಅಂಗಳದಲ್ಲಿರುವ ಒಂದು ಕಂಬಕ್ಕಾಗಿ.

ಅದರ ಹೆಸರು ಗವಜಾನ್. ಎಂಟು ಮೂಲೆ, ಸುಮಾರು 8 ಮೀಟರ್ ಎತ್ತರ. ಸಣ್ಣ ಕಲ್ಲುಗಳನ್ನು ಸಾಲುಸಾಲಾಗಿ ಕಟ್ಟಿ ಎಬ್ಬಿಸಿದ್ದಾರೆ. ನೆತ್ತಿಯ ಮೇಲೆ ಖಚ್‌ಕಾರ್, ಅಂದರೆ ಕುಸುರಿ ಕೆತ್ತಿದ ಶಿಲುಬೆಗಲ್ಲು. 10ನೇ ಶತಮಾನದ ಆರಂಭದಲ್ಲಿ, ಪಕ್ಕದ ದೊಡ್ಡ ಚರ್ಚು ಏಳುತ್ತಿದ್ದ ಕಾಲದಲ್ಲೇ, ಇದನ್ನೂ ನಿಲ್ಲಿಸಿದರು. ಆದರೆ ಬುಡವನ್ನು ನೆಲಕ್ಕೆ ಬಿಗಿಯಲಿಲ್ಲ. ಕೀಲಿನಂಥ ಜೋಡಣೆಯ ಮೇಲೆ ಕೂರಿಸಿದ್ದರಿಂದ ಕೈಯಿಂದ ತಳ್ಳಿದರೆ ಕಂಬ ಓಲುತ್ತಿತ್ತು, ಬಿಟ್ಟರೆ ತಾನಾಗಿ ನೆಟ್ಟಗಾಗುತ್ತಿತ್ತು. ಅಷ್ಟು ಭಾರದ ಕಲ್ಲುಕಟ್ಟಡವನ್ನು ಓಲುವಂತೆ ಕಟ್ಟಿದ ಕೈ ಯಾರದೋ, ಅದರ ಮುಂದೆ ನಿಂತಷ್ಟೂ ಬೆರಗು ಹೆಚ್ಚುತ್ತದೆ.

ಅಂಗಳದಲ್ಲಿ ಸಿಕ್ಕ ಹಿರಿಯರೊಬ್ಬರು ಕಂಬದ ಕತೆ ಹೇಳಿದರು. ಭೂಮಿ ನಡುಗುವ ಮೊದಲ ಸುಳಿವು ಸನ್ಯಾಸಿಗಳಿಗೆ ಇದರಿಂದಲೇ ಸಿಗುತ್ತಿತ್ತಂತೆ. ದೂರದಲ್ಲಿ ಶತ್ರುಗಳ ಕುದುರೆದಂಡು ಹೊರಟರೂ ಕಂಬ ಅಲುಗುತ್ತಿತ್ತಂತೆ. ಕೂಡಲೇ ಗ್ರಂಥಗಳನ್ನು ಬಚ್ಚಿಡಲು ಓಡುತ್ತಿದ್ದರಂತೆ. ‘ಈಗ ತೂಗುವುದಿಲ್ಲ, ವಯಸ್ಸಾಯಿತು’ ಎಂದು ಅವರು ಕಲ್ಲನ್ನು ಮೆಲ್ಲಗೆ ಸವರಿದರು. 1931ರ ಭೂಕಂಪದಲ್ಲಿ ಚರ್ಚಿನ ಗುಮ್ಮಟವೂ ಗಂಟೆಗೋಪುರವೂ ಉರುಳಿದವು. ಗವಜಾನ್ ನಿಂತೇ ಇತ್ತು.

ಪೌಲ–ಪೇತ್ರರ ಹೆಸರಿನ ಆ ಚರ್ಚು 895ರಿಂದ 906ರ ನಡುವೆ ಸ್ಯೂನಿಕ್ ದೊರೆಗಳ ಆಸರೆಯಲ್ಲಿ ಎದ್ದದ್ದು. ಅದರ ಮಗ್ಗುಲಿಗೆ ಗ್ರಿಗೋರ್ ತಾತೆವಾತ್ಸಿಯ ಸಮಾಧಿಯಿದೆ. 14ನೇ ಶತಮಾನದ ಕೊನೆಯಲ್ಲಿ ಇಲ್ಲಿದ್ದ ವಿದ್ಯಾಪೀಠದ ದೊಡ್ಡ ಗುರು ಅವರು. ತತ್ತ್ವಶಾಸ್ತ್ರ, ವ್ಯಾಕರಣ, ಸಂಗೀತದ ಜೊತೆಗೆ ಹಸ್ತಪ್ರತಿ ಬರೆಯುವುದನ್ನೂ ಅದಕ್ಕೆ ಚಿತ್ರ ಬಿಡಿಸುವುದನ್ನೂ ಇಲ್ಲಿ ಕಲಿಸುತ್ತಿದ್ದರು. 15ನೇ ಶತಮಾನದಲ್ಲಿ, ತೈಮೂರನ ವಂಶದವರ ದಾಳಿಗಳ ಕಾಲಕ್ಕೆ, ಪಾಠ ನಿಂತಿತು.

ಗೋಡೆಯಾಚೆಗೆ ಒಂದು ಗಾಣದ ಮನೆಯಿದೆ. ಬೀಜವನ್ನು ದೊಡ್ಡ ಬೀಸುಗಲ್ಲಿನಡಿ ಅರೆದು, ಬಿಸಿ ಮಾಡಿ, ಮರದ ದಿಮ್ಮಿಯ ಭಾರದಲ್ಲಿ ಹಿಂಡಿ ಎಣ್ಣೆ ತೆಗೆಯುತ್ತಿದ್ದರು. ಕಲ್ಲು ಇನ್ನೂ ಅಲ್ಲೇ ಇದೆ.

ಉಳಿದುಕೊಳ್ಳಲು ಗೋರಿಸ್ ಎಂಬ ಪುಟ್ಟ ಪಟ್ಟಣವೇ ಚೆನ್ನ. ನೇರ ಬೀದಿಗಳು, ಕಮಾನು ಕಿಟಕಿಯ ಕಲ್ಲುಮನೆಗಳು, ಊರ ಹಿಂದೆ ಮೊನಚು ಬಂಡೆಗಳ ಕಾಡು. ಆ ಬಂಡೆಗಳನ್ನು ಕೊರೆದ ಗವಿಗಳಲ್ಲಿ ಹಿಂದೆ ಜನ ಬದುಕಿದ್ದರು. ಕತೆಗಾರ ಅಕ್ಸೆಲ್ ಬಕುಂತ್ಸ್ 1899ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. 1937ರಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಕೊಂದಿತು; ಅವರ ಮನೆ ಈಗ ಮ್ಯೂಸಿಯಂ.

2010ರವರೆಗೆ ಹಲಿಜೋರ್ ಹಳ್ಳಿಯಿಂದ ತಾತೆವ್‌ಗೆ ಬರಲು ತಿರುವು ತಿರುವಿನ ದಾರಿಯಲ್ಲಿ ಕಮರಿಗಿಳಿದು, ‘ಸೈತಾನನ ಸೇತುವೆ’ ಎಂಬ ಪ್ರಕೃತಿಯೇ ಕಟ್ಟಿದ ಕಲ್ಲುಸೇತುವೆ ದಾಟಿ, ಮತ್ತೆ ಹತ್ತಬೇಕಿತ್ತು. ಸೇತುವೆಯ ಅಡಿಯಲ್ಲಿ ಖನಿಜ ನೀರಿನ ಬುಗ್ಗೆಗಳಿವೆ. ಈಗ 5.7 ಕಿಲೋಮೀಟರ್ ಉದ್ದದ ರೋಪ್‌ವೇ ಹನ್ನೆರಡು ನಿಮಿಷದಲ್ಲಿ ಆಚೆ ದಡ ಮುಟ್ಟಿಸುತ್ತದೆ. ಚಳಿಗಾಲದಲ್ಲಿ ಹಳ್ಳಿಯವರಿಗೆ ಇದು ದೊಡ್ಡ ಉಪಕಾರ. ಟಿಕೆಟ್ ಹಣ ಮಠದ ಜೀರ್ಣೋದ್ಧಾರಕ್ಕೂ ಹೋಗುತ್ತದೆ. ಆದರೆ ಬಂದವರು ಫೋಟೊ ತೆಗೆದು ಮುಂದಿನ ಗಾಡಿಗೇ ಮರಳುತ್ತಾರೆ. ಕಮರಿಯ ತಳದಲ್ಲಿರುವ 17ನೇ ಶತಮಾನದ ಪಾಳು ಆಶ್ರಮಕ್ಕೆ ಇಳಿಯುವವರು ಕಡಿಮೆ.

ಕುಸಿದ ಕಲ್ಲುಗಳನ್ನು ಮತ್ತೆ ಜೋಡಿಸುತ್ತಿದ್ದಾರೆ, ಸಂತೋಷ. ಆದರೆ ಗ್ರಿಗೋರ್ ಚಿತ್ರ ಬಿಡಿಸಿದ ಸುವಾರ್ತೆಯ ಹಸ್ತಪ್ರತಿ ಇರುವುದು ರಾಜಧಾನಿ ಯೆರೆವಾನಿನ ಮಾತೆನದರಾನ್ ಭಂಡಾರದಲ್ಲಿ. ಅದು ಅಲ್ಲಿ ಭದ್ರವಾಗಿದೆ, ಅಲ್ಲೇ ಇರಲಿ. ಬಣ್ಣ ಅರೆಯುವುದನ್ನು, ಅಕ್ಷರ ಬರೆಯುವುದನ್ನು ಕಲಿಸುವ ಒಂದು ಕೋಣೆಯಾದರೂ ತಾತೆವ್‌ನಲ್ಲಿ ಮತ್ತೆ ತೆರೆದರೆ, ಈ ಹಳ್ಳಿಯ ಮಕ್ಕಳೇ ಮೊದಲ ಸಾಲಿನಲ್ಲಿ ಕೂರಬಹುದಿತ್ತು.